ಕಾಲು ತಾಕಿದ ಮೇಲೆ ಕೈ ಎಲ್ಲಿಗೆ ಹೋಗಬೇಕು

ಮೂರು ವರ್ಷ ಕಲಿತ ಮೇಲೆ ಸಿಡ್ನಿಯ ಒಂದು ಸ್ಪೋರ್ಟ್ಸ್ ಹಾಲಿನಲ್ಲಿ ನಾನು ಟೆಕ್ವಾಂಡೊ ಬ್ಲ್ಯಾಕ್ ಬೆಲ್ಟಿನ ಪರೀಕ್ಷೆಗೆ ನಿಂತೆ. ಆಗ ನನಗೆ ಮೂವತ್ತಾರು. ಫೇಲಾದೆ. ಒದೆತಕ್ಕೆ ಅಂಕ ಬಂದಿತ್ತು. ಹಲಗೆ ಒಂದೇ ಏಟಿಗೆ ಮುರಿದಿತ್ತು. ಅಂಕಪಟ್ಟಿಯ ಕೊನೆಯಲ್ಲಿ ಮರ್ಯಾದೆಗೆಂದೇ ಒಂದು ಕಾಲಮ್ ಇತ್ತು. ಕೆಂಪು ಶಾಯಿಯ ಗೆರೆ ಬಿದ್ದದ್ದು ಅಲ್ಲಿ.

ನನಗೆ ಆ ಬೆಲ್ಟ್ ಬೇಕಿತ್ತು. ಗೆರೆ ಬಿದ್ದ ಮೇಲೆ ಇನ್ನೂ ಹೆಚ್ಚು ಬೇಕಾಯಿತು. ಹುಬ್ಬಳ್ಳಿಯ ಒಂದು ಪತ್ರಿಕೆಯ ಡೆಸ್ಕಿನಲ್ಲಿ ಎಂಟು ವರ್ಷ ಕೂತು ಬಂದವಳು ನಾನು. ಬರೆಯಲು ಬರುವುದಿಲ್ಲ ಎಂದಿದ್ದರೆ ಒಪ್ಪಿಕೊಂಡು ತಿದ್ದಿಕೊಳ್ಳುತ್ತಿದ್ದೆ. ಮರ್ಯಾದೆ ಇಲ್ಲ ಎಂದು ನನ್ನ ಬಗ್ಗೆ ಯಾರೂ ಬರೆದು ಸಹಿ ಹಾಕಿರಲಿಲ್ಲ. ಆದದ್ದನ್ನು ಆದ ಕ್ರಮದಲ್ಲೇ ಹೇಳುತ್ತೇನೆ.

ಎರಡು ಸಾವಿರದ ದಶಕದ ಆರಂಭ. ಗಂಡ ಸಿಡ್ನಿಯಲ್ಲಿ ಓದಿ, ಕಾಯಂ ವಾಸದ ಪಿಆರ್ ಪಡೆದು, ಐಟಿ ಕೆಲಸ ಹಿಡಿದಿದ್ದ. ನಾನು ರೇಡಿಯೋ, ಟೀವಿ ಸುದ್ದಿಗಳನ್ನು ಕೇಳಿ ಸಾರಾಂಶ ಬರೆಯುವ ಒಂದು ಆಫೀಸು ಸೇರಿದೆ. ಬೆಳಗಿನ ಪಾಳಿ, ಹನ್ನೆರಡಕ್ಕೆ ಮುಗಿಯುತ್ತಿತ್ತು. ನಮ್ಮ ಬಾಡಿಗೆ ಮನೆ ಸ್ಟ್ರಾತ್‌ಫೀಲ್ಡ್‌ನಲ್ಲಿ. ಸ್ಟೇಷನ್ನಿನಿಂದ ಇಳಿದರೆ ಎರಡೂ ಕಡೆ ಕೊರಿಯನ್ ಅಂಗಡಿಗಳು, ಕೊರಿಯನ್ ಬೋರ್ಡುಗಳು. ಅಕ್ಷರ ಕಂಡರೆ ಓದಲಾಗದೆ ದಾಟಿ ಹೋಗುವುದು ನನ್ನಿಂದ ಆಗುವುದಿಲ್ಲ. ಲೈಬ್ರರಿಯಿಂದ ಒಂದು ಪುಸ್ತಕ ತಂದು ಎರಡು ವಾರದಲ್ಲಿ ಅವರ ಅಕ್ಷರ ಕಲಿತೆ. ನಮ್ಮ ಕಾಗುಣಿತ ಬಂದವರಿಗೆ ಅದು ಕಷ್ಟವಲ್ಲ. ಅರ್ಥ ಗೊತ್ತಿಲ್ಲದೆ ಬೋರ್ಡುಗಳನ್ನು ಗಟ್ಟಿಯಾಗಿ ಓದುತ್ತ ಮನೆಗೆ ನಡೆಯುತ್ತಿದ್ದೆ.

ಹಾಗೆ ಓದಿದ ಬೋರ್ಡುಗಳಲ್ಲಿ ಒಂದು, ದಿನಸಿ ಅಂಗಡಿಯ ಪಕ್ಕದ ಮೆಟ್ಟಿಲ ಮೇಲಿತ್ತು. ಮೇಲೆ ಹೋದೆ. ಬಾಗಿಲು ತೆರೆದಿತ್ತು. ಬಿಳಿ ಬಟ್ಟೆ ತೊಟ್ಟ ಹೆಂಗಸೊಬ್ಬಳು ಹೊಸ್ತಿಲಲ್ಲಿ ನಿಂತು, ಖಾಲಿ ಕೋಣೆಗೆ ಸೊಂಟ ಬಾಗಿಸಿ ನಮಸ್ಕರಿಸಿ ಒಳಗೆ ಹೋದಳು. ಒಳಗೆ ನಿಜಕ್ಕೂ ಯಾರೂ ಇರಲಿಲ್ಲ. ನಾನು ಕತ್ತು ಚಾಚಿ ಖಚಿತ ಮಾಡಿಕೊಂಡೆ. ಅಷ್ಟರಲ್ಲಿ ಹಿಂದಿನಿಂದ ಅರವತ್ತರ ಆಸುಪಾಸಿನ ಒಬ್ಬರು ಕೈಯಲ್ಲಿ ನೆಲ ಒರೆಸುವ ಕೋಲು ಹಿಡಿದು ಬಂದರು. ಅವರೇ ಮೇಷ್ಟ್ರು. ಎಲ್ಲರೂ ಅವರನ್ನು ‘ಸಾಬೊಮ್‌ನಿಮ್’ ಎನ್ನುತ್ತಿದ್ದರು. ಕೊನೆಯ ‘ನಿಮ್’ ಎಂದರೆ ನಮ್ಮ ‘ಅವರು’ ಇದ್ದ ಹಾಗೆ, ಗೌರವದ ಬಾಲ. ನಾವೆಲ್ಲ ಮಾತಾಡುತ್ತಿದ್ದದ್ದು ಇಂಗ್ಲಿಷಿನಲ್ಲಿ. ಇಲ್ಲಿ ಕನ್ನಡ ಮಾಡಿದ್ದೇನೆ.

“ಖಾಲಿ ಕೋಣೆಗೆ ಯಾಕೆ ನಮಸ್ಕಾರ?” ಅಂತ ಕೇಳಿದೆ.

“ಶೂ ಬಿಚ್ಚು. ಆಮೇಲೆ ಪ್ರಶ್ನೆ.”

ಬಿಚ್ಚಿದೆ.

“ಒಳಗೆ ಬರ್ತೀಯಾ?”

“ಹೂಂ.”

“ಹಾಗಾದ್ರೆ ಬಾಗು.”

ಬಾಗಿದೆ. ಅವರು ನೆಲ ಒರೆಸಲು ಹೋದರು. ಉತ್ತರ ಸಿಗಲಿಲ್ಲ. ಉತ್ತರ ಸಿಗದೆ ಜಾಗ ಬಿಡುವ ಜಾಯಮಾನ ನನ್ನದಲ್ಲ, ಮರುದಿನ ಮತ್ತೆ ಹೋದೆ. ಮಧ್ಯಾಹ್ನದ ಕ್ಲಾಸಿನಲ್ಲಿ ಐದು ಜನ ದೊಡ್ಡವರಿದ್ದರು, ನಾನು ಆರನೆಯವಳಾದೆ.

ಹೊಸ್ತಿಲಲ್ಲಿ ಬಾಗಿದ್ದ ಹೆಂಗಸು ಸ್ಟೇಷನ್ ಪಕ್ಕ ಸಲೂನ್ ನಡೆಸುತ್ತಿದ್ದಳು. ಮೊದಲ ದಿನವೇ ಬೆಲ್ಟ್ ಕಟ್ಟಿಕೊಡುತ್ತ, “ನೀವು ಹುಟ್ಟಿದ್ದು ಯಾವ ವರ್ಷ?” ಅಂತ ಕೇಳಿದಳು. ಆಸ್ಟ್ರೇಲಿಯಾದಲ್ಲಿ ಯಾರೂ ಹೀಗೆ ನೇರವಾಗಿ ಕೇಳಿರಲಿಲ್ಲ. ಹೇಳಿದೆ. ಅವಳು ಬೆರಳು ಮಡಚಿ ಲೆಕ್ಕ ಹಾಕಿ ಖುಷಿಯಾದಳು.

“ನನಗಿಂತ ಒಂದು ವರ್ಷ ದೊಡ್ಡವಳು. ಇನ್ನು ಮೇಲೆ ನೀನು ನನಗೆ ಒನ್ನಿ.”

ಒನ್ನಿ ಎಂದರೆ ಅಕ್ಕ. ನಮ್ಮ ಕನ್ನಡದ ಗುಂಪಿನಲ್ಲಿ ಇಪ್ಪತ್ತೈದು ದಾಟಿದ ಸ್ಟೂಡೆಂಟುಗಳು ಕೂಡ ನನ್ನನ್ನು ಆಂಟಿ ಎನ್ನುತ್ತಿದ್ದ ಕಾಲ. ಕೊರಿಯಾದವಳೊಬ್ಬಳು ಅಕ್ಕ ಮಾಡಿಕೊಂಡದ್ದು ಹಿತವಾಯಿತು. ಅವರಲ್ಲಿ ಯಾರು ದೊಡ್ಡವರು ಎಂದು ಗೊತ್ತಾಗದೆ ಮಾತು ಶುರುವಾಗುವುದಿಲ್ಲ. ಕ್ರಿಯಾಪದದ ಬಾಲವೇ ಅದರ ಮೇಲೆ ನಿಂತಿದೆ. ನಾವು ನೀನು, ನೀವು ಎಂಬ ಎರಡು ಮೆಟ್ಟಿಲಲ್ಲಿ ಮುಗಿಸುವುದನ್ನು ಅವರು ಏಳೆಂಟು ಮೆಟ್ಟಿಲು ಹತ್ತಿಸುತ್ತಾರೆ.

ಮೊದಲ ವಾರ ಅವಳ ಒದೆತ ನನ್ನ ತೊಡೆಗೆ ಬಿದ್ದಾಗ, “ಅಪ್ಪಾ!” ಎಂದು ಕುಸಿದೆ. ಅವಳು ಓಡಿ ಬಂದಳು.

“ಅಯ್ಯೋ, ಒನ್ನಿ, ಕೊರಿಯನ್ ಬರುತ್ತಾ ನಿನಗೆ?”

“ಇಲ್ವಲ್ಲ. ಯಾಕೆ?”

“ಅಪಾ ಅಂದೆಯಲ್ಲ! ನಮ್ಮಲ್ಲಿ ಹಾಗಂದ್ರೆ ನೋವಾಗ್ತಿದೆ ಅಂತ.”

“ನಾನು ನಮ್ಮಪ್ಪನ್ನ ಕರೆದೆ.”

“ಅಪ್ಪ ಅಂದ್ರೆ ನಮ್ಮಲ್ಲೂ ಅಪ್ಪನೇ! ಸ್ವಲ್ಪ ಗಟ್ಟಿಯಾಗಿ ಅನ್ನಬೇಕು, ಅಷ್ಟೆ. ನೀನು ಎರಡರ ಮಧ್ಯೆ ಅಂದೆ.”

ಮೂಲೆಯಿಂದ ಸಾಬೊಮ್‌ನಿಮ್ ಗದರಿದರು: “ಅಪ್ಪ ಬರಲ್ಲ. ಎದ್ದೇಳು.”

ಇಂಥ ಹೋಲಿಕೆಗಳನ್ನು ಹಿಡಿದು ದೊಡ್ಡ ಸಿದ್ಧಾಂತ ಕಟ್ಟುವವರನ್ನು ನೋಡಿದ್ದೇನೆ. ನಾನು ಕಟ್ಟುವುದಿಲ್ಲ. ನೋವಾದಾಗ ಬಾಯಿಗೆ ಬಂದ ಮಾತು ಎದುರಿನವರಿಗೆ ಅರ್ಥವಾಯಿತು. ನನಗೆ ಅಷ್ಟು ಸಾಕಾಗಿತ್ತು.

ತಿಂಗಳಿಗೊಮ್ಮೆ ಶನಿವಾರದ ಕ್ಲಾಸು ಮುಗಿದ ಮೇಲೆ ಎಲ್ಲರೂ ಒಟ್ಟಿಗೆ ಊಟ. ದೊಡ್ಡವರು ಚಮಚ ಎತ್ತುವ ತನಕ ಯಾರೂ ಎತ್ತುವಂತಿಲ್ಲ. ಹಿರಿಯರಿಗೆ ಬಾರ್ಲಿ ಟೀ ಹಾಕುವಾಗ ಎರಡೂ ಕೈ. ಅನ್ನದಲ್ಲಿ ಊಟದ ಕಡ್ಡಿಗಳನ್ನು ನೆಟ್ಟಗೆ ಚುಚ್ಚಿ ನಿಲ್ಲಿಸಬಾರದು, ಅದು ಸತ್ತವರಿಗೆ ಎಡೆ ಇಟ್ಟಂತೆ. ಇದ್ಯಾವುದನ್ನೂ ಯಾರೂ ಬಾಯಿ ಬಿಟ್ಟು ಹೇಳಲಿಲ್ಲ, ನೋಡಿ ಕಲಿತೆ. ನೋಡುವುದು ನನ್ನ ಕಸುಬೇ ಆಗಿದ್ದರಿಂದ ಬೇಗ ಕಲಿತೆ. ಕಷ್ಟವಾದದ್ದು ಒಂದೇ. ಮೇಜಿನ ನಡುವೆ ಕುದಿಯುವ ಸಾರಿನ ಕಲ್ಲಿನ ಪಾತ್ರೆ ಇಡುತ್ತಿದ್ದರು. ಎಲ್ಲರೂ ತಮ್ಮ ತಮ್ಮ ಚಮಚ ಅದಕ್ಕೇ ಅದ್ದಿ ಬಾಯಿಗಿಡುತ್ತಿದ್ದರು, ಮತ್ತೆ ಅದ್ದುತ್ತಿದ್ದರು.

ನಾನು ಮೀನು ಮಾಂಸ ತಿನ್ನುವುದಿಲ್ಲವೆಂದು ಸಲೂನಿನ ಗೆಳತಿ ಮೀನಿನ ರಸ ಹಾಕದೆ ಕಿಮ್ಚಿ, ಅಂದರೆ ಕೋಸಿನ ಖಾರದ ಉಪ್ಪಿನಕಾಯಿ, ಮಾಡಿ ಬೇರೆ ಡಬ್ಬಿಯಲ್ಲಿ ತರುತ್ತಿದ್ದಳು. ಅದನ್ನು ಗಂಡ ಜೋಳದ ರೊಟ್ಟಿಗೆ ಹಚ್ಚಿಕೊಂಡು ತಿಂದು, “ಇದು ನಮ್ಮ ಕಡಿದೇ ಬಿಡು” ಅನ್ನುವ ಮಟ್ಟಕ್ಕೆ ಬಂದಿದ್ದ. ಸಾರಿನ ವಿಷಯಕ್ಕೆ ಮಾತ್ರ ನಾನು ಅಲುಗಲಿಲ್ಲ. ಎರಡು ತಿಂಗಳು ಅನ್ನ, ಸೊಪ್ಪು, ಕಿಮ್ಚಿಯಲ್ಲೇ ಮುಗಿಸಿದೆ. ಮೂರನೆಯ ಸಲ ಸಾಬೊಮ್‌ನಿಮ್ ಕೇಳಿದರು.

“ತೋಫು, ಸೋಯಾ, ಸೌತೆ. ಮಾಂಸ ಇಲ್ಲ. ಯಾಕೆ ತಿನ್ನಲ್ಲ? ಕಾಯಿಲೆಯಾ?”

“ಕಾಯಿಲೆ ಅಲ್ಲ. ನಮ್ಮಲ್ಲಿ ಎಂಜಲು ಅಂತ ಒಂದಿದೆ.”

ಎಂಜಲಿಗೆ ಇಂಗ್ಲಿಷಿನಲ್ಲಿ ಪದವಿಲ್ಲ. ಬಾಯಿಗೆ ತಾಗಿದ ಚಮಚ ಮತ್ತೆ ಪಾತ್ರೆಗೆ ಹೋಗಬಾರದು ಎಂದು ವಿವರಿಸಿದೆ. ಗೆಳತಿ ಮೆಲ್ಲಗೆ ಅಂದಳು: “ಒನ್ನಿ, ನಮ್ಮಲ್ಲಿ ಹೊರಗಿನವರಿಗೆ ಬೇರೆ ಬಟ್ಟಲು ಕೊಡ್ತೀವಿ. ಬೇರೆ ಬಟ್ಟಲು ಬೇಕಾ?”

ಬೇಕು ಎಂದರೆ ಏನಾಗುತ್ತದೆಂದು ನನಗೆ ಗೊತ್ತಾಯಿತು. ಚಮಚ ಅದ್ದಿದೆ. ಕುದಿಯುವ ಸಾರು, ನಾಲಿಗೆ ಸುಟ್ಟಿತು. ಮನೆಗೆ ಬಂದು ಗಂಡನಿಗೆ ಹೇಳಿದರೆ ಅವನು ಪೇಪರಿನಿಂದ ತಲೆ ಎತ್ತದೆ, “ಕುದಿಯೂದರಾಗ ಎಂಜಲಾ ಏನ್ ಉಳಿತೈತಿ” ಅಂದ. ನಾನು ಅಷ್ಟು ಸುಲಭವಾಗಿ ಬಗೆಹರಿಸಿಕೊಂಡಿರಲಿಲ್ಲ. ಆದರೂ ಅವತ್ತಿನಿಂದ ತಿಂದೆ.

ಈಗ ಕಾಲಿನ ವಿಷಯ. ಯಾರಿಗಾದರೂ ಕಾಲು ತಾಕಿದರೆ ಅವರನ್ನು ಕೈಯಿಂದ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು ನಮಗೆ ಉಸಿರಿನಷ್ಟೇ ಸಹಜ. ಬಸ್ಸಿನಲ್ಲಿ, ಪಂಕ್ತಿಯಲ್ಲಿ, ಕತ್ತಲಲ್ಲೂ ಕೈ ತಾನಾಗಿ ಹೋಗುತ್ತದೆ. ಟೆಕ್ವಾಂಡೊ ಎಂದರೆ ಇಡೀ ಆಟವೇ ಕಾಲು ತಾಕಿಸುವುದು. ಜೋಡಿಯಾಗಿ ಸೆಣಸುವಾಗ ನನ್ನ ಪಾದ ಎದುರಿನವರ ಎದೆಕವಚಕ್ಕೆ ಬಡಿದ ಪ್ರತಿ ಸಲವೂ ನನ್ನ ಬಲಗೈ ಸುಮ್ಮನಿರುತ್ತಿರಲಿಲ್ಲ. ಕವಚವನ್ನು ತಟ್ಟನೆ ಮುಟ್ಟಿ ನನ್ನ ಹಣೆಯ ಹತ್ತಿರ ಹೋಗಿ ಬರುತ್ತಿತ್ತು. ಅರೆ ಸೆಕೆಂಡಿನ ಕೆಲಸ. ಆ ಅರೆ ಸೆಕೆಂಡಿನಲ್ಲಿ ಕೆನ್ನೆ ತೆರೆದಿರುತ್ತಿತ್ತು, ಏಟು ಬೀಳುತ್ತಿತ್ತು. ಸಾಬೊಮ್‌ನಿಮ್ ಅದನ್ನು ಕೆಟ್ಟ ರಕ್ಷಣೆ ಎಂದುಕೊಂಡು, “ಕೈ ಮೇಲೆ!” ಎಂದು ಕೂಗುತ್ತಿದ್ದರು. ಗೆಳತಿ ನಾನು ಬೆವರು ಒರೆಸಿಕೊಳ್ಳುತ್ತೇನೆ ಎಂದುಕೊಂಡಿದ್ದಳು. ನಾನೂ ಬಿಡಿಸಿ ಹೇಳಲಿಲ್ಲ. ಹೇಳುವಂಥದ್ದೇನೂ ಇದೆಯೆಂದು ಅನಿಸಿರಲಿಲ್ಲ.

ಪರೀಕ್ಷೆಯ ದಿನ ಎರಡು ವಸ್ತು ಹೊಸವಾಗಿದ್ದವು. ಕ್ಲಾಸಿನಲ್ಲಿ ನಾವು ಹಗುರಾಗಿ ಆಡುತ್ತಿದ್ದರಿಂದ ತಲೆಗೆ ಏನೂ ಹಾಕುತ್ತಿರಲಿಲ್ಲ. ಅವತ್ತು ಹಣೆ ಮುಚ್ಚುವ ಹೆಲ್ಮೆಟ್ ಕಡ್ಡಾಯ. ಹಲ್ಲಿಗೆ ರಬ್ಬರಿನ ಮೌತ್‌ಗಾರ್ಡ್ ಕೂಡ ಕಡ್ಡಾಯ. ಅಂಗಡಿಯಲ್ಲಿ ನನ್ನ ಅಳತೆಗೆ ಸಿಕ್ಕಿದ್ದು ಗುಲಾಬಿ ಬಣ್ಣದ್ದು.

ಪರೀಕ್ಷಕರು ಎಪ್ಪತ್ತರ ಹತ್ತಿರದವರು, ಊರೂರಿಗೆ ಹೋಗಿ ಬ್ಲ್ಯಾಕ್ ಬೆಲ್ಟ್ ಪರೀಕ್ಷೆ ನಡೆಸುತ್ತಿದ್ದವರು. ಮೇಜಿನ ಹಿಂದೆ ನೆಟ್ಟಗೆ ಕೂತಿದ್ದರು. “ಅವರು ಕೇಳದೆ ಮಾತಾಡಬೇಡ” ಎಂದು ಸಾಬೊಮ್‌ನಿಮ್ ಎರಡು ಸಲ ಹೇಳಿದ್ದರು. ಸೆಣಸಾಟದಲ್ಲಿ ನನ್ನ ಎದುರು ಬಂದವರು ಬೇರೆ ಶಾಲೆಯ, ಐವತ್ತು ದಾಟಿದ ಕೊರಿಯನ್ ಹೆಂಗಸು. ಮೊದಲ ಒದೆತ ಅವರ ಎದೆಗೆ ಸರಿಯಾಗಿ ಬಿತ್ತು. ನನ್ನ ಕೈ ಹೋಯಿತು, ಬಂತು. ಅವರ ಮುಖ ಬಿಗಿಯಿತು. ಎರಡನೆಯದೂ ಬಿತ್ತು, ಕೈ ಮತ್ತೆ ಹೋಯಿತು. ಅವರು ಸಿಟ್ಟಿನಿಂದ ಮೈಮೇಲೆ ಬಂದರು. ಸೋಲುತ್ತಿರುವುದಕ್ಕೆ ಸಿಟ್ಟು ಎಂದುಕೊಂಡೆ. ಮೂರನೆಯ ಸಲಕ್ಕೆ ಪರೀಕ್ಷಕರು ಪೆನ್ನು ಎತ್ತಿ ಏನೋ ಬರೆದರು.

ಹಾಳೆ ಕೈಗೆ ಬಂದಾಗ ಓದಲು ಕಷ್ಟವಾಗಲಿಲ್ಲ. ಗೆರೆ ಬಿದ್ದ ಕಾಲಮ್ಮಿನ ಮೇಲೆ ಕೊರಿಯನ್ ಅಕ್ಷರದಲ್ಲಿ ‘ಯೇಇ’ ಎಂದಿತ್ತು. ದಿನವೂ ಕ್ಲಾಸಿನ ಕೊನೆಗೆ ನಾವು ಕೂಗುತ್ತಿದ್ದ ಐದು ಗುಣಗಳಲ್ಲಿ ಮೊದಲನೆಯದು. ಯೇಇ, ಅಂದರೆ ಮರ್ಯಾದೆ. ಸಾಬೊಮ್‌ನಿಮ್ ನನ್ನ ಕಡೆ ನೋಡಲಿಲ್ಲ. ನಾನು ಮೂರು ವಾರ ಕ್ಲಾಸಿಗೆ ಹೋಗಲಿಲ್ಲ.

ಮೂರು ವಾರದ ಮೇಲೆ ಕೂದಲು ಕತ್ತರಿಸಿಕೊಳ್ಳಲು ಗೆಳತಿಯ ಸಲೂನಿಗೆ ಹೋದೆ. ಕುತ್ತಿಗೆಗೆ ಬಟ್ಟೆ ಕಟ್ಟಿ, ಕತ್ತರಿ ಎತ್ತಿಕೊಂಡು, ಕನ್ನಡಿಯಲ್ಲಿ ನನ್ನನ್ನೇ ನೋಡುತ್ತ ಅವಳು ಕೇಳಿದಳು.

“ಒನ್ನಿ, ಒಂದು ಕೇಳಲಾ? ಆ ಹೆಂಗಸಿಗೆ ಯಾಕೆ ಮೆರೋಂಗ್ ಮಾಡಿದೆ?”

“ಏನು ಮಾಡಿದೆ?”

ಅವಳು ಕನ್ನಡಿಯಲ್ಲಿ ತನ್ನ ಕಣ್ಣಿನ ಕೆಳರೆಪ್ಪೆಯನ್ನು ಬೆರಳಿನಿಂದ ಎಳೆದು ನಾಲಿಗೆ ಹೊರಗೆ ಹಾಕಿದಳು. “ಇದು. ಸಣ್ಣ ಮಕ್ಕಳು ಅಣಕಿಸೋಕೆ ಮಾಡ್ತಾರೆ. ಮೂರು ಸಲ ಮಾಡಿದೆ. ಇಡೀ ಹಾಲ್ ನೋಡಿತು.”

“ನಾನು ನಾಲಿಗೆ ಹಾಕಿಲ್ಲ!”

“ಗುಲಾಬಿ ಬಣ್ಣದ್ದು ಹೊರಗೆ ಇಣುಕ್ತಾ ಇತ್ತಲ್ಲ.”

ಮೌತ್‌ಗಾರ್ಡ್. ಹಣೆಯ ಮೇಲೆ ಹೆಲ್ಮೆಟ್ ಇದ್ದದ್ದರಿಂದ ನನ್ನ ಬೆರಳು ಇಳಿದು ಕಣ್ಣಿನ ಕೆಳಗೆ ನಿಂತಿತ್ತು. ಅಲ್ಲೇ ಕುರ್ಚಿಯಲ್ಲಿ ಕೂತು ಇಡೀ ಕಥೆ ಹೇಳಿದೆ. ಕಾಲು ತಾಕುವುದು, ಮುಟ್ಟುವುದು, ಕಣ್ಣಿಗೊತ್ತಿಕೊಳ್ಳುವುದು.

“ಅಂದ್ರೆ ನೀನು ಕ್ಷಮೆ ಕೇಳ್ತಿದ್ದೆ?”

“ಹೌದು.”

“ಎದೆಗೆ ಒದ್ದು, ಕ್ಷಮೆ ಕೇಳಿ, ಮತ್ತೆ ಒದೀತಿದ್ದೆ?”

“ಹೌದೇ.”

ಅವಳು ಕತ್ತರಿ ಕೆಳಗಿಟ್ಟು ನೆಲಕ್ಕೆ ಕೂತು ನಕ್ಕಳು. ಬಣ್ಣ ಹಚ್ಚಿಸಿಕೊಂಡು ಕೂತಿದ್ದ ಇಬ್ಬರು ಅಜ್ಜಿಯರಿಗೆ ಕೊರಿಯನ್‌ನಲ್ಲಿ ವಿವರಿಸಿದಳು. ಅವರೂ ನಕ್ಕರು. ನನಗೆ ಆಗ ನಗು ಬರಲಿಲ್ಲ. ಮರ್ಯಾದೆ ತೋರಿಸಿದ್ದಕ್ಕೇ ಮರ್ಯಾದೆಯ ಕಾಲಮ್ಮಿನಲ್ಲಿ ಗೆರೆ ಬಿದ್ದಿತ್ತು. ಡೆಸ್ಕಿನವಳಿಗೆ ಇದಕ್ಕೆ ಮದ್ದು ಒಂದೇ, ತಿದ್ದುಪಡಿ. ಪರೀಕ್ಷಕರಿಗೆ ಒಂದು ಪುಟದ ಪತ್ರ ಬರೆದು ಸಾಬೊಮ್‌ನಿಮ್‌ಗೆ ತೋರಿಸಿದೆ. ಅವರು ಕೊನೆಯ ತನಕ ಓದಿ ಮಡಚಿ ನನಗೇ ಕೊಟ್ಟರು. ಮೊದಲ ಸಲ ಅವರ ಮುಖ ಮೆತ್ತಗಾಗಿತ್ತು.

“ನಿಜ ಅಂತ ಗೊತ್ತು. ಆದ್ರೂ ಕಳಿಸಬೇಡ. ಹಿರಿಯರಿಗೆ ನಾವಾಗಿ ವಿವರಣೆ ಕೊಡಲ್ಲ. ಅವರು ಕೇಳಿದಾಗ ಹೇಳು.”

“ಕೇಳದಿದ್ದರೆ?”

“ಕೇಳುವ ತನಕ ಒದೆ.”

ಅದೇ ವರ್ಷ ಗಂಡನ ಕೆಲಸ ಮೆಲ್ಬರ್ನಿಗೆ ಹೋಯಿತು. ಕ್ರಾನ್‌ಬರ್ನ್‌ನಲ್ಲಿ ಹೊಸ ಮನೆ, ಹೊಸ ಮಾರ್ಟ್‌ಗೇಜ್. ನನ್ನ ಆಫೀಸಿನ ಶಾಖೆ ಅಲ್ಲೂ ಇತ್ತು, ಪಾಳಿ ಅದೇ. ಸಾಬೊಮ್‌ನಿಮ್ ಒಂದು ಫೋನ್ ನಂಬರ್ ಕೊಟ್ಟು ಕಳಿಸಿದ್ದರು. ಅವರ ಹಳೆಯ ಶಿಷ್ಯೆ, ಐವತ್ತೈದರ ಹೆಂಗಸು, ಕ್ಲೇಟನ್ ಹತ್ತಿರ ಕ್ಲಾಸು ನಡೆಸುತ್ತಿದ್ದರು. ಪಕ್ಕದಲ್ಲೇ ಅವರದೊಂದು ಸಣ್ಣ ಊಟದ ಅಂಗಡಿ. ಮಧ್ಯಾಹ್ನದ ಗಿರಾಕಿಗಳು ಹೋದ ಮೇಲೆ ಏಪ್ರನ್ ಬಿಚ್ಚಿ ಬೆಲ್ಟ್ ಕಟ್ಟಿ ಬರುತ್ತಿದ್ದರು. ಮಾತು ಒರಟು. ಮೊದಲ ದಿನ ಒಂದು ಸುತ್ತು ಆಡಿಸಿ ಕೇಳಿದರು: “ಕೈ ಯಾಕೆ ತಿರುಗಾಡೋಕೆ ಹೋಗುತ್ತೆ?”

ಇವರು ಕೇಳಿದರು, ಆದ್ದರಿಂದ ಹೇಳಿದೆ. ಅವರು ನಗಲಿಲ್ಲ.

“ಮನೆಯಲ್ಲಿ ಇಟ್ಕೋ ಆ ಅಭ್ಯಾಸ. ಒಳ್ಳೇದು. ಇಲ್ಲಿ ಕೆನ್ನೆ ಒಡೆಯುತ್ತೆ.” ಎರಡು ಹಳೆಯ ಪೇಪರ್ ಸುರುಳಿ ಸುತ್ತಿ ನನ್ನ ಎರಡು ಮುಷ್ಟಿಗೂ ಕೊಟ್ಟರು. “ಇದನ್ನು ಹಿಡಿದು ಆಡು. ಬೀಳಿಸಬೇಡ.”

ಉಪಾಯ ಸರಿಯಾಗಿತ್ತು. ನನ್ನ ಮಟ್ಟಿಗೆ ಅದು ಎರಡು ಪಟ್ಟು ಕಷ್ಟ. ಒದ್ದ ಕೂಡಲೆ ಕೈ ಚಾಚುತ್ತಿತ್ತು, ಪೇಪರ್ ಕೆಳಗೆ ಬೀಳುತ್ತಿತ್ತು, ಅದರ ಮೇಲೆ ನನ್ನ ಕಾಲು ಬೀಳುತ್ತಿತ್ತು. ಪೇಪರ್ ಎಂದರೆ ಸರಸ್ವತಿ, ಅದರಲ್ಲೂ ನನಗೆ ಎಂಟು ವರ್ಷದ ಅನ್ನ. ಬಾಗಿ ಅದನ್ನೂ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದೆ.

“ಈಗ ಯಾರಿಗೆ ಕ್ಷಮೆ?”

“ಪೇಪರಿಗೆ.”

“ಪೇಪರಿಗೆ!” ಅವರು ಚಾವಣಿ ನೋಡಿದರು. “ನಿಮ್ಮ ದೇಶದಲ್ಲಿ ಕಾಲಿಟ್ಟುಕೊಂಡು ಹೇಗೆ ಬದುಕ್ತೀರಿ?”

ಕನ್ನಡದವರ ಯುಗಾದಿ ಊಟದಲ್ಲಿ ವಿಷಯ ಹಬ್ಬಿತ್ತು. ದಾವಣಗೆರೆಯ ಹುಡುಗಿಯೊಬ್ಬಳು ಹೋಳಿಗೆ ಬಡಿಸುತ್ತ, “ಆಂಟಿ, ಅಂಕಲ್‌ಗೆ ದಿನಾ ಪ್ರಾಕ್ಟೀಸ್ ಅಂತ ಒದೀತೀರಂತೆ, ಹೌದಾ?” ಅಂದಳು. ಗಂಡ ಕೂಡಲೆ, “ಒದೀತಾಳ, ಆದ್ರ ಭಾಳ ಮರ್ಯಾದಿಲೆ” ಅಂದ. ಇಡೀ ಪಂಕ್ತಿ ನಕ್ಕಿತು. ನಾನೂ ನಕ್ಕೆ. ಆ ಹೊತ್ತಿಗೆ ನಗು ಬರುತ್ತಿತ್ತು.

ಪ್ರಾಕ್ಟೀಸ್ ನಿಜ. ಗ್ಯಾರೇಜಿನಲ್ಲಿ ಗಂಡ ದಪ್ಪ ದಿಂಬನ್ನು ಎದೆಗೆ ಅವಚಿಕೊಂಡು ನಿಲ್ಲುತ್ತಿದ್ದ. ನಾನು ಒದ್ದು, ತಡೆದುಕೊಳ್ಳಲಾಗದೆ ಕೈ ಚಾಚಿದರೆ, “ಹೋತು, ಹೋತು, ಮತ್ತ ಹೋತು ಕೈ” ಅಂತ ಕೂಗುತ್ತಿದ್ದ. ಒಮ್ಮೆ ದಿಂಬು ಕೆಳಗಿಟ್ಟು ಅಂದ: “ನಮ್ಮವ್ವ ಇದನ್ನ ನೋಡಿದ್ರ ಏನ್ ತಿಳಕೊಂತಿದ್ಳೋ. ಸೊಸಿ ಒದಿಯಾಕತ್ತಾಳ, ಮಗಾ ಸಾಲಲಿಲ್ಲ ಇನ್ನೊಂದು ಒದಿ ಅನ್ನಾಕತ್ತಾನ.”

ಕೈ ನಿಲ್ಲಿಸಿದ್ದು ಪೇಪರ್ ಅಲ್ಲ, ದಿಂಬೂ ಅಲ್ಲ. ಒಂದು ಮಧ್ಯಾಹ್ನ ಕ್ಲೇಟನ್ನಿನ ಗುರುಗಳು ನನ್ನ ಎದುರು ನಿಂತು, ಆಟ ಶುರುವಾಗುವ ಮುಂಚಿನ ನಮಸ್ಕಾರದಲ್ಲೇ ನನ್ನನ್ನು ತಡೆದರು.

“ನಿಲ್ಲು. ಇದೇನು ಮಾಡಿದೆ ಈಗ?”

“ಬಾಗಿದೆ.”

“ಯಾಕೆ?”

“ಬಾಗಬೇಕಲ್ಲ. ಹಲೋ ಅಂದ ಹಾಗೆ.”

“ಹಲೋಗೆ ಇಷ್ಟು ಬಾಗ್ತಾರಾ? ನಾಲ್ಕು ವರ್ಷದಿಂದ ಹಲೋ ಅಂತಿದ್ದೀಯಾ?” ಅವರಿಗೆ ನಿಜವಾಗಿ ಬೇಸರವಾಗಿತ್ತು. “ಇನ್ನು ಸ್ವಲ್ಪ ಹೊತ್ತು ನಾನು ನಿನಗೆ ಒದೀತೀನಿ, ನೀನು ನನಗೆ ಒದೀತೀಯ. ಇಬ್ಬರಿಗೂ ಸಿಟ್ಟಿಲ್ಲ. ಅದನ್ನ ಮೊದಲೇ ಹೇಳಿ ಮುಗಿಸೋದು ಇದು. ನಿನ್ನ ಮುಟ್ಟೋದು, ಕಣ್ಣಿಗೆ ಒತ್ತೋದು ಎಲ್ಲ ಇದರೊಳಗಿದೆ. ಮೊದಲೇ ಕೇಳಿ ಆಗಿದೆ. ಮಧ್ಯೆ ಮತ್ತೆ ಕೇಳಿದರೆ ಮೊದಲು ಕೇಳಿದ್ದು ಸುಳ್ಳು ಅಂತ ಅರ್ಥ.”

ನಾಲ್ಕು ವರ್ಷ ಎಲ್ಲವನ್ನೂ ನೋಡಿ ಕಲಿತೆನೆಂದು ಹೆಮ್ಮೆಪಟ್ಟಿದ್ದೆ. ದಿನಕ್ಕೆ ಹತ್ತು ಸಲ ಮಾಡುತ್ತಿದ್ದದ್ದನ್ನೇ ನೋಡಿರಲಿಲ್ಲ. ಮತ್ತೆ ಬಾಗಿದೆ. ಈ ಸಲ ಮನಸ್ಸಿನಲ್ಲಿ ಅವರನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೆ, ಎಷ್ಟು ಒದೆತಗಳಿಗೆ ಬೇಕೋ ಅಷ್ಟಕ್ಕೂ ಸೇರಿಸಿ. ಆಟ ಶುರುವಾಯಿತು. ಪಾದ ಅವರ ಕವಚಕ್ಕೆ ಬಿತ್ತು. ಮುಷ್ಟಿ ಕೆನ್ನೆಯ ಪಕ್ಕದಲ್ಲೇ ಉಳಿಯಿತು. ಒಂದೇ ದಿನದಲ್ಲಿ ಆಯಿತೆಂದು ಹೇಳುವುದಿಲ್ಲ, ಪೂರ್ತಿ ನಿಲ್ಲಲು ಇನ್ನೂ ಐದು ತಿಂಗಳು ಹಿಡಿಯಿತು. ಆದರೆ ದಾರಿ ಸಿಕ್ಕಿದ್ದು ಅವತ್ತು.

ಎರಡನೆಯ ಪರೀಕ್ಷೆ ಮೆಲ್ಬರ್ನಿನಲ್ಲಿ. ಪರೀಕ್ಷಕರು ಅವರೇ. ಮೇಜಿನ ಮೇಲೆ ನನ್ನ ಹೊಸ ಹಾಳೆ, ಅದರ ಕೆಳಗೆ ಸಿಡ್ನಿಯ ಹಳೆಯ ಹಾಳೆ. ಕೆಂಪು ಗೆರೆ ದೂರದಿಂದಲೇ ಕಾಣುತ್ತಿತ್ತು.

ಎದುರಾಳಿ ನನಗಿಂತ ಹತ್ತು ವರ್ಷ ಚಿಕ್ಕವಳು, ಉದ್ದ ಕಾಲಿನವಳು. ಬಾಗಿದೆ, ಪೂರ್ತಿ ಬಾಗಿದೆ. ಎರಡು ಸುತ್ತಿನಲ್ಲಿ ಏಳು ಸಲ ನನ್ನ ಕಾಲು ಅವಳಿಗೆ ತಾಕಿತು. ಎಣಿಸಿದ್ದು ಗಂಡ, ಬೆಂಚಿನ ಮೇಲಿಂದ. ಏಳು ಸಲವೂ ಕೈ ಮೇಲೇ ಇತ್ತು. ಹಲಗೆ ಮುರಿಯಿತು. ಉಳಿದದ್ದು ಬಾಯಿ ಪರೀಕ್ಷೆ. ಹೆಲ್ಮೆಟ್ ತೆಗೆದು, ಮೇಜಿನ ಎದುರು ಮಂಡಿಯೂರಿ ಕೂತೆ. ಗುರುಗಳು ಗೋಡೆಯ ಪಕ್ಕ ನಿಂತಿದ್ದರು.

“ಯೇಇ ಅಂದರೇನು?”

ಪುಸ್ತಕದ ಉತ್ತರ ಹೇಳಿದೆ. ಹಿರಿಯರಿಗೆ, ಜೊತೆಯವರಿಗೆ, ಎದುರಾಳಿಗೆ ಗೌರವ. ಪರೀಕ್ಷಕರು ಮೇಲಿನ ಹಾಳೆ ಸರಿಸಿ ಕೆಳಗಿನದನ್ನು ನೋಡಿದರು.

“ಉತ್ತರ ಗೊತ್ತಿದೆ. ಹೋದ ಸಲ ಯಾಕೆ ಹಾಗೆ ಮಾಡಿದೆ?” ತಮ್ಮ ಬೆರಳನ್ನು ಕಣ್ಣಿನ ಕೆಳಗೆ ಒಯ್ದು ತೋರಿಸಿದರು.

ಕೇಳಿದ್ದರು. ಹದಿನಾಲ್ಕು ತಿಂಗಳು ಕಾದಿದ್ದ ಪ್ರಶ್ನೆ. ನಾಲ್ಕು ವಾಕ್ಯದಲ್ಲಿ ಹೇಳಿದೆ. ನಮ್ಮಲ್ಲಿ ಕಾಲು ತಾಕಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇವೆ. ಹೆಲ್ಮೆಟ್ ಇದ್ದದ್ದರಿಂದ ಬೆರಳು ಕೆಳಗಿಳಿಯಿತು. ಅಣಕವಲ್ಲ, ಕ್ಷಮೆ ಕೇಳಿದ್ದು. ನಿಮ್ಮಲ್ಲಿ ಅದಕ್ಕೆ ಬೇರೆ ಅರ್ಥವಿದೆ ಎಂದು ಆಗ ತಿಳಿದಿರಲಿಲ್ಲ.

ಅವರ ಮುಖದಲ್ಲಿ ಏನೂ ಬದಲಾಗಲಿಲ್ಲ. ನಂಬಿದರೋ ಇಲ್ಲವೋ ಹೇಳಲಾಗದು. ಪೆನ್ನು ಕೆಳಗಿಟ್ಟರು.

“ತೋರಿಸು. ನನಗೆ ಮಾಡಿ ತೋರಿಸು.”

ಏಳಲು ಹೋದೆ. ಅರ್ಧ ಎದ್ದು ನಿಂತೆ, ಮತ್ತೆ ಕೂತೆ.

“ಆಗಲ್ಲ, ಸರ್.”

“ಯಾಕೆ?”

“ತೋರಿಸಬೇಕಾದರೆ ಮೊದಲು ನನ್ನ ಕಾಲು ನಿಮಗೆ ತಾಕಬೇಕು.”

ಹಾಲಿನಲ್ಲಿ ಯಾರೋ ಕೆಮ್ಮಿದರು. ಪರೀಕ್ಷಕರು ಗೋಡೆಯ ಪಕ್ಕದ ಗುರುಗಳಿಗೆ ಕೊರಿಯನ್‌ನಲ್ಲಿ ಒಂದು ಮಾತು ಹೇಳಿದರು. ಗುರುಗಳು ಬಾಯಿಗೆ ಕೈ ಅಡ್ಡ ಹಿಡಿದು ತಿರುಗಿ ನಿಂತರು. ಭುಜ ಅಲುಗುತ್ತಿತ್ತು. ಪರೀಕ್ಷಕರು ಹೇಳಿದ್ದೇನೆಂದು ನನಗೆ ಆಮೇಲೆ ಗೊತ್ತಾಯಿತು: “ಇವಳನ್ನು ನಮ್ಮ ಮನೆಗೆ ಕಳಿಸು. ನನ್ನ ಹೆಂಡತಿ ನಲವತ್ತು ವರ್ಷದಿಂದ ನಿದ್ದೆಯಲ್ಲಿ ಒದೀತಾಳೆ, ಒಂದು ಸಲಾನೂ ಕಣ್ಣಿಗೆ ಒತ್ತಿಕೊಂಡಿಲ್ಲ.”

ಹೊಸ ಹಾಳೆಯ ಕೊನೆಯ ಕಾಲಮ್ಮಿನಲ್ಲಿ ಒಂದು ವೃತ್ತ ಎಳೆದು ಸಹಿ ಹಾಕಿದರು. ಪಾಸಾದವರಿಗೆ ಹಾಕುವುದು ವೃತ್ತ. ನಾನು ಹೋಗಲೆಂದು ಬಾಗಿದಾಗ ಹಳೆಯ ಹಾಳೆಯ ಮೇಲೆ ಬೆರಳಿಟ್ಟು ಅಂದರು.

“ಇದನ್ನು ತಿದ್ದಲ್ಲ. ಅವತ್ತು ನಾನು ಕಂಡಿದ್ದು ಅದು. ಕಂಡಿದ್ದನ್ನು ಬರೆದೆ.”

“ಸರಿ, ಸರ್” ಅಂದೆ. ಬಾಯಿಮಾತಿಗೆ ಅಂದದ್ದಲ್ಲ. ಡೆಸ್ಕಿನಲ್ಲಿ ನಾವು ನಿನ್ನೆಯ ಪೇಪರನ್ನು ವಾಪಸ್ ತರಿಸಿ ತಿದ್ದುತ್ತಿರಲಿಲ್ಲ. ತಿದ್ದುಪಡಿ ಇವತ್ತಿನ ಪೇಪರಿನಲ್ಲಿ ಬರುತ್ತಿತ್ತು, ಎರಡೂ ಫೈಲಿನಲ್ಲಿ ಇರುತ್ತಿದ್ದವು.

ಹೊರಗೆ ಕಾರ್ ಪಾರ್ಕಿನಲ್ಲಿ ಗಂಡ ಬಾನೆಟ್ಟಿಗೆ ಒರಗಿ ನಿಂತಿದ್ದ. ಬಾಯಿ ಪರೀಕ್ಷೆಗೆ ಹೊರಗಿನವರನ್ನು ಬಿಟ್ಟಿರಲಿಲ್ಲ.

“ಏನಾತು?”

“ಆತು.”

“ಆ ಹಳೀದು? ಅದನ್ನ ತಗದು ಹಾಕಿದ್ರ?”

“ಇಲ್ಲ. ಅದು ಹಂಗ ಇರತೈತಿ.”

“ಇರ್ಲಿ ಬಿಡು” ಅಂದ, ಕಾರಿನ ಬಾಗಿಲು ತೆಗೆದ. ಹಿಂದಿನಿಂದ ಗುರುಗಳು ಮೆಟ್ಟಿಲ ಮೇಲೆ ನಿಂತು ಕೂಗಿದರು: “ಎಲ್ಲಿಗ್ರಿ ಹೊರಟ್ರಿ? ಅಂಗಡಿಗೆ ಬನ್ನಿ, ಸಾರು ಇಟ್ಟಿದ್ದೀನಿ. ಪರೀಕ್ಷಕರೂ ಬರ್ತಿದ್ದಾರೆ. ನೀನು ಬಂದು ಕೂರೋ ತನಕ ಶುರು ಮಾಡಲ್ವಂತೆ.”